ಮುಂಚೆ ಹೊರಡುವವರು

ಕೊಡಗಿಗೆ ಇವತ್ತಿಗೂ ರೈಲು ಬಂದಿಲ್ಲ. ವಿಮಾನ ನಿಲ್ದಾಣವಂತೂ ಇಲ್ಲವೇ ಇಲ್ಲ. ಆದರೂ ವಿಮಾನ ಹತ್ತುವವರು ನಮ್ಮಲ್ಲಿ ಕಡಿಮೆಯೇನಲ್ಲ. ಒಂದು ಮನೆಯ ಮಗ ಸೈನ್ಯದಲ್ಲಿ, ಇನ್ನೊಂದು ಮನೆಯ ಮಗಳು ಕೆಲಸದ ಮೇಲೆ ಹೊರದೇಶದಲ್ಲಿ, ಮತ್ತೊಂದು ಮನೆಯ ಯಜಮಾನ ಗಲ್ಫಿನಲ್ಲಿ. ಮಗಳ ಬಾಣಂತನಕ್ಕೆಂದು ಮೊದಲ ಬಾರಿಗೆ ವಿಮಾನ ಹತ್ತುವ ಅಮ್ಮಂದಿರು ಈಗ ಪ್ರತಿ ಊರಿನಲ್ಲೂ ಇದ್ದಾರೆ.

ಹೀಗೆ ಹೊರಟವರಿಗೆ ದಾರಿ ಮೂರು. ಒಂದು ಬೆಂಗಳೂರಿನದು. 2008ರ ಮೇ ತಿಂಗಳಲ್ಲಿ ಅಲ್ಲಿನ ನಿಲ್ದಾಣ ದೇವನಹಳ್ಳಿಯ ಕಡೆಗೆ ಹೋದ ಮೇಲೆ ಮಡಿಕೇರಿಯಿಂದ ಸುಮಾರು 300 ಕಿಲೋಮೀಟರ್ ಆಯಿತು. 2023ರಲ್ಲಿ ಮೈಸೂರು–ಬೆಂಗಳೂರು ಹೆದ್ದಾರಿ ತೆರೆದು ನಡುವಿನ ದಾರಿ ಹಗುರವಾಯಿತು ನಿಜ, ಆದರೆ ಬೆಂಗಳೂರನ್ನು ದಾಟುವ ಕಷ್ಟ ಹಾಗೇ ಉಳಿಯಿತು. ಎರಡನೆಯದು ಸಂಪಾಜೆ ಘಾಟಿ ಇಳಿದು ಮಂಗಳೂರಿನ ಬಜ್ಪೆಗೆ. ಮೂರನೆಯದು ವಿರಾಜಪೇಟೆಯಿಂದ ಮಾಕುಟ್ಟದ ಕಾಡು ದಾಟಿ ಮಟ್ಟನ್ನೂರಿಗೆ. ಅಲ್ಲಿ ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್ 9ರಂದು ಆರಂಭವಾಯಿತು. ದೂರದ ಲೆಕ್ಕದಲ್ಲಿ ಇದೇ ನಮಗೆ ಹತ್ತಿರ. ಆದರೆ ಮೂರರಲ್ಲಿ ಯಾವ ದಾರಿ ಹಿಡಿದರೂ ನಡುವೆ ಒಂದು ಘಾಟಿಯೋ, ಒಂದು ಕಾಡೋ, ಒಂದು ಮಹಾನಗರವೋ ಅಡ್ಡ ಬಂದೇ ಬರುತ್ತದೆ.

ಆದ್ದರಿಂದ ಪ್ರಯಾಣದ ಹಿಂದಿನ ದಿನ ನಮ್ಮ ಮನೆಗಳಲ್ಲಿ ಒಂದು ಚರ್ಚೆ ತಪ್ಪಿದ್ದಲ್ಲ. ಎಷ್ಟು ಗಂಟೆಗೆ ಹೊರಡಬೇಕು? ಗಂಡಸರು ಮೊಬೈಲ್ ನೋಡಿ ನಿಮಿಷದ ಲೆಕ್ಕ ಹೇಳುತ್ತಾರೆ. ಹೆಂಗಸರು ಅದಕ್ಕೆ ಒಂದು ಗಂಟೆ ಸೇರಿಸುತ್ತಾರೆ. "ವಿಮಾನಕ್ಕಿಂತ ಮೊದಲು ನೀನೇ ಹೋಗಿ ಕೂತಿರು" ಎಂಬ ನಗೆಮಾತು ಆಗ ಬಂದೇ ಬರುತ್ತದೆ. ಬೇಗ ಹೊರಡುವುದು ಅಂಜುಕುಳಿಗಳ ಲಕ್ಷಣ, ಸರಿಯಾದ ಹೊತ್ತಿಗೆ ಹೋಗಿ ಕೊನೆಯ ಗಳಿಗೆಯಲ್ಲಿ ಹತ್ತಿಕೊಳ್ಳುವುದು ಧೀರರ ಲಕ್ಷಣ ಎಂಬ ನಂಬಿಕೆಯೊಂದು ಆ ನಗೆಯ ಹಿಂದೆ ಇದೆ. ನನಗೆ ಹಾಗೆ ಕಾಣುವುದಿಲ್ಲ. ಬೇಗ ಹೊರಡುವುದರಲ್ಲಿ ಅಂಜಿಕೆಯೂ ಇರಬಹುದು, ಜಾಣತನವೂ ಇರಬಹುದು. ಇವೆರಡಕ್ಕಿಂತ ದೊಡ್ಡದಾದ ಧರ್ಮದ ಮಾತೊಂದು ಅದರಲ್ಲಿ ಅಡಗಿದೆ ಎಂದು ನನ್ನ ಎಣಿಕೆ.

ಗಡಿಯಾರದ ಶಿಸ್ತು ಕೊಡಗಿನವರಿಗೆ ಹೊಸದಲ್ಲ. ಪುತ್ತರಿ ಹಬ್ಬದಲ್ಲಿ ನೆರೆ ಕಟ್ಟುವುದಕ್ಕೊಂದು ಹೊತ್ತು, ಕದಿರು ತೆಗೆಯುವುದಕ್ಕೊಂದು ಹೊತ್ತು, ಊಟಕ್ಕೊಂದು ಹೊತ್ತು. ಇಂಥ ಗಂಟೆ ಇಂಥ ನಿಮಿಷ ಎಂದು ಮೊದಲೇ ಗೊತ್ತುಮಾಡಿ ಪತ್ರಿಕೆಯಲ್ಲಿ ಹಾಕುತ್ತಾರೆ. ಊರೆಲ್ಲ ಗದ್ದೆಯ ಬದುವಿನಲ್ಲಿ ಕಾದು ನಿಲ್ಲುತ್ತದೆ. ತುಲಾ ಸಂಕ್ರಮಣದಲ್ಲಿ ತಲಕಾವೇರಿಯ ತೀರ್ಥೋದ್ಭವ ಕೆಲವು ವರ್ಷ ನಡುರಾತ್ರಿಯ ಆಚೆಗೆ ಬೀಳುತ್ತದೆ. ಆಗಲೂ ಮಂಜು, ಚಳಿ ಎನ್ನದೆ ಜನ ಗಂಟೆಗಟ್ಟಲೆ ಮೊದಲೇ ಹೋಗಿ ಕುಂಡಿಕೆಯ ಸುತ್ತ ನಿಂತಿರುತ್ತಾರೆ. ಕಾವೇರಮ್ಮನಿಗೆ ಯಾರೂ ತಡವಾಗಿ ಹೋಗುವುದಿಲ್ಲ. ಅಲ್ಲಿ ಕಾಯುವುದನ್ನು ಯಾರೂ ಹೊತ್ತು ಹಾಳಾಯಿತೆಂದು ಲೆಕ್ಕ ಹಾಕುವುದೂ ಇಲ್ಲ. ಕಾಯುವುದು ಆ ಕೆಲಸದ ಒಂದು ಭಾಗ, ಅಷ್ಟೇ.

ಇದರ ಜೊತೆಗೆ ನಮ್ಮ ಮಣ್ಣು ಕಲಿಸಿದ ಪಾಠವೂ ಇದೆ. 2018ರ ಜೂನಿನಲ್ಲಿ ಮಾಕುಟ್ಟದ ದಾರಿ ಮಳೆಗೆ ಕುಸಿಯಿತು. ಅದೇ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಜಾರಿ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋಯಿತು. ಮನೆ, ತೋಟ, ಜೀವ ಕಳೆದುಕೊಂಡವರ ನಡುವೆ ವಿಮಾನ ತಪ್ಪಿದವರ ಕಥೆ ಬಹಳ ಸಣ್ಣದು. ಆದರೆ ಅಂದಿನಿಂದ ಒಂದು ಮಾತು ಎಲ್ಲರಿಗೂ ಗೊತ್ತಾಗಿದೆ. ದಾರಿ ಎಂಬುದು ನಕ್ಷೆಯ ಮೇಲಿನ ಗೆರೆಯಲ್ಲ, ಅದು ಇದ್ದರೂ ಇರಬಹುದು, ಇಲ್ಲದೆಯೂ ಹೋಗಬಹುದು. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಎರಡು ಗಂಟೆ ಹೋಯಿತು. ಆನೆ ರಸ್ತೆಗೆ ಬಂದರೆ ಅದು ದಾಟುವವರೆಗೆ ನಮಗೆ ಬೇರೆ ಕೆಲಸವಿಲ್ಲ.

ಈಗ ಇಬ್ಬರು ಪ್ರಯಾಣಿಕರನ್ನು ಮನಸ್ಸಿಗೆ ತಂದುಕೊಳ್ಳಿ. ಇಬ್ಬರೂ ವಿಮಾನ ಹೊರಡಲು ಒಂದು ಗಂಟೆಯೂ ಇಲ್ಲದ ಹೊತ್ತಿನಲ್ಲಿ ಭದ್ರತಾ ತಪಾಸಣೆಯ ಸಾಲಿಗೆ ಓಡಿಬರುತ್ತಾರೆ. ಸಾಲು ಹಾವಿನ ಹಾಗೆ ಮಡಚಿ ಮಡಚಿ ನಿಂತಿದೆ. ಇಬ್ಬರೂ ಮುಂದೆ ನಿಂತವರಿಗೆ ಹೇಳುವುದು ಒಂದೇ ಮಾತು: "ಸ್ವಲ್ಪ ಬಿಡಿ, ವಿಮಾನ ತಪ್ಪಿಹೋಗುತ್ತದೆ." ಮೊದಲನೆಯವಳು ನಡುರಾತ್ರಿಯಲ್ಲಿ ಹೊರಟವಳು. ದಾರಿಯಲ್ಲಿ ಮಣ್ಣು ಕುಸಿದು ಮೂರು ಗಂಟೆ ಕಾದವಳು. ದೂರದ ಊರಿನ ಆಸ್ಪತ್ರೆಯಲ್ಲಿ ತಂದೆಯ ಉಸಿರು ಇನ್ನೂ ಇದೆಯೋ ಇಲ್ಲವೋ ತಿಳಿಯದು. ಎರಡನೆಯವನು ಬೆಳಿಗ್ಗೆ ನಿಧಾನವಾಗಿ ಎದ್ದು, ತಿಂಡಿ ತಿಂದು, ಹೇಗೂ ಬಿಡುತ್ತಾರೆ ಎಂಬ ಧೈರ್ಯದಲ್ಲಿ ಬಂದವನು. ಸಾಲಿನಲ್ಲಿ ನಿಂತವರಿಗೆ ಇಬ್ಬರ ಮುಖದಲ್ಲೂ ಕಾಣುವುದು ಅದೇ ಬೆವರು, ಅದೇ ಗಾಬರಿ. ಅವರು ಇಬ್ಬರನ್ನೂ ನಂಬಬೇಕು, ಅಥವಾ ಇಬ್ಬರನ್ನೂ ನಂಬಬಾರದು.

ನಮ್ಮ ಜನ ಸಾಮಾನ್ಯವಾಗಿ ನಂಬುತ್ತಾರೆ, ಬಿಡುತ್ತಾರೆ. ಸಾಲಿಗೂ ಒಂದು ದಯೆ ಇದೆ. ಗುರುತು ಪರಿಚಯವಿಲ್ಲದ ನಲವತ್ತು ಜನ ಸೇರಿ ಒಬ್ಬರ ಕಷ್ಟಕ್ಕೆ ಜಾಗ ಮಾಡಿಕೊಡುವುದು ಸಣ್ಣ ಮಾತಲ್ಲ. ಆದರೆ ಈ ದಯೆ ಊರ ಬಾವಿಯ ನೀರಿನ ಹಾಗೆ. ಬೇಕಿಲ್ಲದವರೂ ಸೇದಿ ಚೆಲ್ಲಿದರೆ ಬಾಯಾರಿ ಬಂದವರಿಗೆ ಕೆಸರೇ ಗತಿ. ಹೇಗೂ ಬಿಡುತ್ತಾರೆ ಎಂದು ಬಂದವರು ಹತ್ತು ಜನ ಮುಂದೆ ಹೋದ ಮೇಲೆ ಹನ್ನೊಂದನೆಯವಳಾಗಿ ಆ ಹೆಣ್ಣುಮಗಳು ಬಂದರೆ ಜನ ಮುಖ ತಿರುಗಿಸುತ್ತಾರೆ. "ಎಲ್ಲರಿಗೂ ಅರ್ಜೆಂಟೇ, ಮುಂಚೆ ಬರಬೇಕಿತ್ತು" ಎನ್ನುತ್ತಾರೆ. ಅವಳು ಮುಂಚೆಯೇ ಹೊರಟಿದ್ದಳು. ಆದರೆ ಆ ಮಾತು ನಂಬುವ ಶಕ್ತಿಯನ್ನು ಅವಳಿಗಿಂತ ಮೊದಲು ಬಂದವರು ಖರ್ಚು ಮಾಡಿಬಿಟ್ಟಿದ್ದಾರೆ.

ಒಬ್ಬರು ನಡುವೆ ಸೇರಿದರೆ ಉಳಿದವರಿಗೆ ಏನು ನಷ್ಟ, ಅರ್ಧ ನಿಮಿಷ ತಾನೆ ಎಂದು ಕೇಳಬಹುದು. ಸಾಲಿನ ಲೆಕ್ಕ ಅಷ್ಟು ಸರಳವಲ್ಲ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದು, ಟೆಲಿಫೋನ್ ಕರೆಗಳ ದಟ್ಟಣೆಯ ಬಗ್ಗೆ 1909ರಲ್ಲಿ ಬರೆದ ಲೇಖನದಿಂದ ಸಾಲುಗಳ ಶಾಸ್ತ್ರವೇ ಹುಟ್ಟಿತು. ಅದರ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಒಬ್ಬರ ತಪಾಸಣೆಗೆ ಸರಾಸರಿ ಅರ್ಧ ನಿಮಿಷ ಎಂದಿಟ್ಟುಕೊಳ್ಳಿ. ಆಗ ಒಂದು ಸಾಲು ಗಂಟೆಗೆ ಹೆಚ್ಚೆಂದರೆ 120 ಜನರನ್ನು ದಾಟಿಸಬಹುದು. ಜನ ಮನಸ್ಸಿಗೆ ಬಂದ ಹೊತ್ತಿಗೆ ಬರುತ್ತಾರೆ, ಒಬ್ಬೊಬ್ಬರಿಗೆ ಹಿಡಿಯುವ ಹೊತ್ತೂ ಬೇರೆ ಬೇರೆ. ಗಂಟೆಗೆ 96 ಜನ ಬಂದರೆ ಒಬ್ಬೊಬ್ಬರು ಸರಾಸರಿ 2 ನಿಮಿಷ ಕಾಯಬೇಕಾಗುತ್ತದೆ. 114 ಜನ ಬಂದರೋ, ಒಂಬತ್ತೂವರೆ ನಿಮಿಷ. ಹೆಚ್ಚಾದವರು 18 ಜನ. ಕಾಯುವ ಹೊತ್ತು ಹೆಚ್ಚಾದದ್ದು ಐದು ಪಾಲಿನಷ್ಟು. ಹಾಲು ಉಕ್ಕುವಾಗ ಕೊನೆಯ ಒಂದು ಗಳಿಗೆಯಲ್ಲಿ ಏನಾಗುತ್ತದೆ ಎಂದು ಬಲ್ಲ ನಮಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ತುಂಬಿದ ಸಾಲಿನಲ್ಲಿ ಒಬ್ಬರ ಉದಾಸೀನ ಎಲ್ಲರ ಮೇಲೂ ಉಕ್ಕುತ್ತದೆ.

ಉದಾಸೀನ ಎಂದರೆ ತಡವಾಗಿ ಬರುವುದೊಂದೇ ಅಲ್ಲ. ಮಗಳಿಗೆಂದು ಕಾಚಂಪುಳಿಯ ಬಾಟಲಿ, ಜೇನು, ತುಪ್ಪ ಕಟ್ಟಿಕೊಡುವುದು ನಮ್ಮ ಪ್ರೀತಿಯ ರೀತಿ. ಆದರೆ 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವರೂಪದ ಸ್ಫೋಟಕದಿಂದ ವಿಮಾನಗಳನ್ನು ಉರುಳಿಸುವ ಸಂಚು ಬಯಲಾದ ಮೇಲೆ ಜಗತ್ತಿನ ಬಹುಪಾಲು ಕಡೆ ಹೊರದೇಶದ ಪ್ರಯಾಣದಲ್ಲಿ ಕೈಚೀಲದ ದ್ರವಕ್ಕೆ 100 ಮಿಲಿಲೀಟರಿನ ಮಿತಿ ಬಂತು. ಕೈಚೀಲದಲ್ಲಿ ಕಾಚಂಪುಳಿ ಸಿಕ್ಕಿದರೆ ಚೀಲ ಬಿಚ್ಚಬೇಕು, ಅದು ಪಂದಿಕರಿಗೆ ಹಾಕುವ ಹುಳಿ ಎಂದು ಹಿಂದಿಯಲ್ಲಿ ವಿವರಿಸಬೇಕು, ಕೊನೆಗೆ ಅದನ್ನು ಅಲ್ಲೇ ಬಿಟ್ಟು ಕಣ್ಣೀರು ಹಾಕಬೇಕು. ಅಷ್ಟು ಹೊತ್ತೂ ಹಿಂದಿನವರು ನಿಂತೇ ಇರಬೇಕು. ಮದುವೆಗೆ ಹೋಗುವ ಹುಡುಗನ ಪೀಚೆಕತ್ತಿಯ ಮಾತೂ ಹೀಗೆಯೇ. ಅದು ನಮಗೆ ಎಷ್ಟೇ ಪೂಜ್ಯವಾದರೂ ಕೈಯಲ್ಲಿ ಒಯ್ಯುವಂತಿಲ್ಲ, ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆಯಲ್ಲೇ ಹೋಗಬೇಕು. ಇದನ್ನೆಲ್ಲ ಹಿಂದಿನ ರಾತ್ರಿಯೇ ವಿಚಾರ ಮಾಡಿ ಇಡುವುದು ಕೂಡ ಬೇಗ ಹೊರಟಂತೆಯೇ. ಬಾಯಾರಿದಾಗ ಬಾವಿ ತೋಡಬಾರದು ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಇಷ್ಟೆಲ್ಲ ತಪಾಸಣೆ ಯಾಕೆ ಎಂದು ಗೊಣಗುವವರಿಗೆ 1985ರ ಕಥೆ ಗೊತ್ತಿರಬೇಕು. ಆ ವರ್ಷದ ಜೂನ್ 22ರಂದು ಕೆನಡಾದ ವ್ಯಾಂಕೂವರ್ ನಿಲ್ದಾಣದ ಕೌಂಟರಿನ ಮುಂದೆ ಒಬ್ಬಾತ ನಿಂತ. ಟೊರಾಂಟೋದಿಂದ ಮುಂದಕ್ಕೆ ಅವನ ಸೀಟು ಖಚಿತವಾಗಿರಲಿಲ್ಲ. ಹಾಗಿದ್ದಾಗ ಅವನ ಪೆಟ್ಟಿಗೆಯನ್ನು ನೇರವಾಗಿ ಏರ್ ಇಂಡಿಯಾ ವಿಮಾನಕ್ಕೆ ಕಳಿಸುವಂತಿರಲಿಲ್ಲ. ಕೌಂಟರಿನ ಹೆಣ್ಣುಮಗಳು ಆಗುವುದಿಲ್ಲ ಎಂದಳು. ಅವನು ಬಿಡಲಿಲ್ಲ, ವಾದಿಸಿದ. ಅವನ ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಅವಳು ಒಪ್ಪಿದಳು. ಪೆಟ್ಟಿಗೆ ಹೋಯಿತು, ಅವನು ಹತ್ತಲಿಲ್ಲ. ಮರುದಿನ 'ಕನಿಷ್ಕ' ವಿಮಾನ ಐರ್ಲೆಂಡಿನ ಬಳಿ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ತೀರಿಕೊಂಡರು. ಆ ಕೊಲೆಗಡುಕ ಬಾಂಬನ್ನು ಮಾತ್ರ ಬಳಸಲಿಲ್ಲ, ಅವಸರದಲ್ಲಿದ್ದ ಒಂದು ಸಾಲನ್ನೂ ಆಯುಧವಾಗಿ ಬಳಸಿಕೊಂಡ. ಹಿಂದೆ ನಿಂತವರ ಚಡಪಡಿಕೆ ಅವನ ಪರವಾಗಿ ವಾದಿಸಿತು.

ನಮ್ಮಲ್ಲಿ 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದ ಮೇಲೆ, 2000ದಿಂದ ಒಂದೊಂದಾಗಿ ನಿಲ್ದಾಣಗಳ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಬಂತು. ಪರದೆಯ ಹಿಂದೆ ನಿಂತು ನಮ್ಮನ್ನು ತಪಾಸಣೆ ಮಾಡುವ ಆ ಪಡೆಯ ಹುಡುಗಿಯರನ್ನು ನೋಡಿದಾಗಲೆಲ್ಲ ನನಗೆ ವ್ಯಾಂಕೂವರಿನ ಕೌಂಟರು ನೆನಪಾಗುತ್ತದೆ. ಅವರ ಗಮನ ನಮ್ಮೆಲ್ಲರ ಆಸ್ತಿ. "ಬೇಗ ಮಾಡಿ, ಬೇಗ ಮಾಡಿ" ಎಂದು ನಾವು ಕೂಗಿದಷ್ಟೂ ಆ ಆಸ್ತಿಯನ್ನು ನಾವೇ ಕರಗಿಸುತ್ತೇವೆ. ಮುಂಚೆ ಬಂದವಳು ಮಾತ್ರ "ನಿಧಾನವಾಗಿ ನೋಡಮ್ಮಾ" ಎಂದು ಹೇಳಬಲ್ಲಳು. ಹಾಗೆ ಹೇಳುವ ಸ್ವಾತಂತ್ರ್ಯವನ್ನು ಅವಳು ತನ್ನ ನಿದ್ರೆ ಕೊಟ್ಟು ಕೊಂಡುಕೊಂಡಿದ್ದಾಳೆ.

ಇಲ್ಲಿಗೆ ಮಾತು ಮುಗಿಯಿತೆಂದರೆ ಅನ್ಯಾಯವಾದೀತು. ಬೇಗ ಬನ್ನಿ ಎಂದು ಜನರಿಗೆ ಬೋಧಿಸಿ ವ್ಯವಸ್ಥೆಯವರು ಕೈ ತೊಳೆದುಕೊಳ್ಳುವುದೂ ಉಂಟು. 2022ರ ಡಿಸೆಂಬರಿನಲ್ಲಿ ದೆಹಲಿಯ ನಿಲ್ದಾಣದಲ್ಲಿ ಜನ ಕಿಕ್ಕಿರಿದು, ದೇಶದೊಳಗಿನ ಪ್ರಯಾಣಕ್ಕೂ ಮೂರೂವರೆ ಗಂಟೆ ಮೊದಲೇ ಬನ್ನಿ ಎಂದು ಪ್ರಯಾಣಿಕರಿಗೆ ಹೇಳಬೇಕಾಯಿತು. ಎರಡು ಗಂಟೆಯ ಹಾರಾಟಕ್ಕೆ ಮೂರೂವರೆ ಗಂಟೆ ನಿಲ್ಲುವುದು! ಯಂತ್ರಗಳು ಸಾಲದಿದ್ದರೆ ಹೆಚ್ಚಿಸಬೇಕು, ಸಿಬ್ಬಂದಿ ಸಾಲದಿದ್ದರೆ ನೇಮಿಸಬೇಕು. ಆ ಖರ್ಚು ಉಳಿಸಿ ಜನರ ಬದುಕಿನಿಂದ ಗಂಟೆಗಳನ್ನು ಕಡಿಯುವುದು ಕೂಡ ಒಂದು ಬಗೆಯ ಕಳವೇ. ಅದೇ ತಿಂಗಳು ಬೆಂಗಳೂರಿನಲ್ಲಿ ಮುಖ ನೋಡಿ ಒಳಗೆ ಬಿಡುವ ಡಿಜಿಯಾತ್ರಾ ಬಂತು. ಅದರಿಂದ ಗುರುತು ತೋರಿಸುವ ಹೊತ್ತು ಉಳಿಯಬಹುದು, ಚೀಲ ನೋಡುವ ಹೊತ್ತು ಉಳಿಯದು. ಹಣ ಕೊಟ್ಟವರಿಗೆ ಬೇರೆ ಬಾಗಿಲು ಮಾಡುವ ಪದ್ಧತಿಯೂ ಬಂದಿದೆ. ಕೊಳ್ಳುವವರನ್ನು ನಾನು ದೂರುವುದಿಲ್ಲ. ಆದರೆ ಸಾಲಿನಲ್ಲಿ ನಿಂತಾಗಲಾದರೂ ತೋಟದ ಯಜಮಾನಿಯೂ ಗಲ್ಫಿಗೆ ಮನೆಗೆಲಸಕ್ಕೆ ಹೋಗುವವಳೂ ಒಂದೇ ಎಂಬ ಸಣ್ಣ ಸಮಾನತೆ ಇತ್ತು. ಅದೂ ಮಾರಾಟವಾದರೆ ಉಳಿಯುವುದೇನು?

ಇನ್ನು ನಾವು ಹೆಂಗಸರು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಒಂದಿದೆ. ಒಂದು ಕುಟುಂಬ ಎರಡು ಗಂಟೆ ಮುಂಚೆ ಹೊರಟಿತು ಎನ್ನುತ್ತೇವಲ್ಲ, ಆ ಎರಡು ಗಂಟೆ ಎಲ್ಲಿಂದ ಬಂತು? ನಾಲ್ಕಕ್ಕೆ ಕಾರು ಹೊರಡಬೇಕೆಂದರೆ ಮೂರೂವರೆಗೆ ಗಂಡಸರನ್ನೂ ಮಕ್ಕಳನ್ನೂ ಎಬ್ಬಿಸಬೇಕು. ಎಬ್ಬಿಸುವವಳು ಎರಡಕ್ಕೇ ಎದ್ದಿರಬೇಕು. ಕಡಂಬುಟ್ಟು ಬೇಯಬೇಕು, ಫ್ಲಾಸ್ಕಿಗೆ ಕಾಫಿ ಆಗಬೇಕು, ಅತ್ತೆಯ ಮಾತ್ರೆ ಡಬ್ಬಿಗೆ ಬೀಳಬೇಕು, ನಾಯಿಗೆ ಅನ್ನ, ಪಕ್ಕದ ಮನೆಗೆ ಬೀಗದ ಕೈ. ಹೀಗೆ ಇಡೀ ಮನೆಯ ಮುಂಜಾಗ್ರತೆ ಒಬ್ಬಳ ನಿದ್ರೆಯಿಂದ ಹುಟ್ಟುತ್ತದೆ. ಇಷ್ಟಾಗಿಯೂ ಕೊನೆಯಲ್ಲಿ ಸೀರೆ ಉಡುತ್ತಿರುವಾಗ "ಈ ಹೆಂಗಸರದು ಯಾವಾಗಲೂ ತಡ" ಎಂಬ ಮಾತು ಹೊರಗಿನಿಂದ ಕೇಳಿಬರುತ್ತದೆ. ಸಾಲಿನಲ್ಲಿ ಪರರ ಹೊತ್ತು ಕದಿಯಬಾರದು ಎಂಬುದು ಧರ್ಮವಾದರೆ, ಮನೆಯೊಳಗೆ ಒಬ್ಬಳ ಹೊತ್ತು ಕದ್ದು ಸಾಲಿನಲ್ಲಿ ಸಭ್ಯರಾಗುವುದು ಯಾವ ಧರ್ಮ? ಬೇಗ ಹೊರಡುವುದರ ಬೆಲೆಯನ್ನು ಹೊರಡುವವರೆಲ್ಲ ಹಂಚಿಕೊಳ್ಳಬೇಕು. ಮಗ ಫ್ಲಾಸ್ಕು ತುಂಬಲಿ, ಗಂಡ ಮಾತ್ರೆ ನೋಡಿ ಇಡಲಿ.

ಕಾಯುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಕೊಡವ ಮದುವೆಯ ಗಂಗಾಪೂಜೆಯನ್ನು ನೋಡಿದವರಿಗೆ ಇದು ಗೊತ್ತು. ಬಾವಿಯಿಂದ ನೀರು ತುಂಬಿದ ಕೊಡ ಹೊತ್ತು ಬರುವ ಮದುಮಗಳ ಮುಂದೆ ನೆಂಟರು ವಾಲಗಕ್ಕೆ ಕುಣಿಯುತ್ತ ದಾರಿ ಕಟ್ಟುತ್ತಾರೆ. ಗಂಟೆಗಟ್ಟಲೆ ಕುಣಿತ ಸಾಗಿದರೂ ಅವಳು ಕೊಡ ಇಳಿಸುವಂತಿಲ್ಲ, ಮುಖ ಗಂಟಿಕ್ಕುವಂತಿಲ್ಲ. ಅದು ತಾಳ್ಮೆಯ ಪರೀಕ್ಷೆ ಎನ್ನುತ್ತಾರೆ. ಅದರ ಸೊಗಸು ನನಗೂ ಇಷ್ಟವೇ. ಆದರೆ ತಾಳ್ಮೆಯನ್ನು ಪರೀಕ್ಷಿಸಬೇಕಾದದ್ದು ಕೊಡ ಹೊತ್ತವಳಲ್ಲೋ, ಅವಳು ನಿಂತಿದ್ದಾಳೆಂದು ಗೊತ್ತಿದ್ದೂ ಕುಣಿಯುವವರಲ್ಲೋ? ತಾಳಿದವನು ಬಾಳಿಯಾನು ಎಂಬ ಗಾದೆ ನಿಜ. ಆದರೆ ಯಾವಾಗಲೂ ಒಬ್ಬರೇ ತಾಳುತ್ತಿದ್ದರೆ ಬಾಳುವವರು ಬೇರೆಯವರೇ ಆಗಿಬಿಡುತ್ತಾರೆ.

ಸರದಿಯ ಧರ್ಮಕ್ಕೆ ನಮ್ಮ ಜಿಲ್ಲೆಯಿಂದಲೇ ಒಂದು ದೊಡ್ಡ ಉದಾಹರಣೆ ಇದೆ. 1965ರ ಯುದ್ಧದ ಕೊನೆಯಲ್ಲಿ ಕಾರ್ಯಪ್ಪನವರ ಮಗ, ವಾಯುಪಡೆಯ ಅಧಿಕಾರಿ, ವಿಮಾನ ಉರುಳಿ ಪಾಕಿಸ್ತಾನದ ಸೆರೆಯಾದರು. ಆಗ ಅಲ್ಲಿನ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ದೇಶ ಇಬ್ಭಾಗವಾಗುವ ಮೊದಲು ಕಾರ್ಯಪ್ಪನವರ ಜೊತೆ ಒಂದೇ ಸೈನ್ಯದಲ್ಲಿದ್ದವರು. ಮಗನನ್ನು ಬಿಡಿಸಿ ಕಳಿಸುತ್ತೇನೆ ಎಂಬ ಮಾತು ಅಲ್ಲಿಂದ ಬಂತು. ಸೆರೆಯಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಅವನೊಬ್ಬನಿಗೆ ಬೇರೆ ದಾರಿ ಬೇಡ ಎಂಬ ಅರ್ಥದ ಉತ್ತರವನ್ನು ತಂದೆ ಕೊಟ್ಟರು. ಮಗ ಮನೆಗೆ ಬಂದದ್ದು 1966ರಲ್ಲಿ, ಉಳಿದವರ ಜೊತೆಗೇ. ಹೆತ್ತ ಕರುಳಿಗೆ ಅಂಥ ಉತ್ತರ ಎಷ್ಟು ಭಾರವಾಗಿದ್ದೀತು! ಅವರಿಗೂ "ಸ್ವಲ್ಪ ಬಿಡಿ, ನನ್ನದು ಅರ್ಜೆಂಟು" ಎನ್ನಲು ಕಾರಣವಿತ್ತು, ನಮ್ಮೆಲ್ಲರ ಕಾರಣಕ್ಕಿಂತ ದೊಡ್ಡ ಕಾರಣ. ಆದರೂ ಅವರು ತಮ್ಮ ಮಗನನ್ನು ಸಾಲಿನಲ್ಲೇ ನಿಲ್ಲಿಸಿದರು.

ನಾವು ಅಷ್ಟು ದೊಡ್ಡವರಾಗಬೇಕಿಲ್ಲ. ವಿಮಾನದ ಸಾಲಿನಲ್ಲಿ ನಮ್ಮಿಂದ ಯಾರೂ ಅಂಥ ತ್ಯಾಗ ಕೇಳುವುದೂ ಇಲ್ಲ. ಕೇಳುವುದು ಇಷ್ಟೇ: ಗೊತ್ತಿಲ್ಲದ ದಾರಿಯ ಬೆಲೆಯನ್ನು ನಮ್ಮ ಹೊತ್ತಿನಿಂದ ನಾವೇ ಕೊಡೋಣ, ಹಿಂದೆ ನಿಂತವರಿಂದ ವಸೂಲಿ ಮಾಡುವುದು ಬೇಡ. ದೇಶದೊಳಗಾದರೆ ಎರಡು ಗಂಟೆ, ಹೊರದೇಶವಾದರೆ ಮೂರು ಗಂಟೆ ಮೊದಲು ಅಲ್ಲಿರಬೇಕೆಂಬುದು ಸಾಮಾನ್ಯ ಸೂಚನೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅದರ ಮೇಲೆ ಘಾಟಿಯ ಲೆಕ್ಕ ಬೇರೆ. ಸಾಧ್ಯವಿದ್ದವರು ಹಿಂದಿನ ದಿನವೇ ಘಾಟಿ ಇಳಿದು ನೆಂಟರ ಮನೆಯಲ್ಲಿ ತಂಗುವುದು ಇನ್ನೂ ಒಳ್ಳೆಯದು.

ಇಷ್ಟು ಮಾಡಿದ ಮೇಲೂ ಗುಡ್ಡ ಜಾರಬಹುದು, ಮರ ಬೀಳಬಹುದು. ಆಗ ಸಂಕೋಚವಿಲ್ಲದೆ ಮುಂದಿನವರನ್ನು ಕೇಳಿ. ಆ ದಯೆ ಇರುವುದೇ ಅಂಥ ಗಳಿಗೆಗೆ. ನಾವು ಬೇಗ ಬಂದು ಕೂತ ದಿನ ಯಾರಾದರೂ ಬೆವರು ಒರೆಸಿಕೊಳ್ಳುತ್ತ ಓಡಿಬಂದರೆ ಕಾರಣ ವಿಚಾರಿಸದೆ ದಾರಿ ಬಿಡೋಣ. ನಮಗೆ ಹೇಗೂ ಹೊತ್ತಿದೆ. ಹತ್ತರಲ್ಲಿ ಒಂಬತ್ತು ಜನ ಸುಳ್ಳು ಹೇಳಿದರೂ ಹೇಳಲಿ. ಹತ್ತನೆಯವಳು ತಂದೆಯ ಮುಖ ನೋಡಲು ಹೋಗುತ್ತಿರಬಹುದು.